ವಿಮಾನದ ಸೀಟು ಇಕ್ಕಟ್ಟು, ಪಕ್ಕದವರಿಗೆ ಹೇಳೋದು ಹೇಗೆ?

ಪ್ರಶ್ನೆ: ಮೇಡಂ, ಹೋದ ತಿಂಗಳು ಆಫೀಸ್ ಕೆಲಸ ಮುಗಿಸಿ ದೆಹಲಿಯಿಂದ ಬೆಂಗಳೂರಿಗೆ ಬರುವಾಗ ನನಗೆ ನಡುವಿನ ಸೀಟು ಸಿಕ್ಕಿತ್ತು. ಕಿಟಕಿ ಪಕ್ಕ ಕೂತಿದ್ದ ಹೆಂಗಸು ತುಂಬಾ ದಪ್ಪ ಇದ್ದರು. ಕೂತ ತಕ್ಷಣ ನಮ್ಮಿಬ್ಬರ ನಡುವಿನ ಆರ್ಮ್‌ರೆಸ್ಟ್ ಎತ್ತಿಬಿಟ್ಟರು. ಎರಡೂಮುಕ್ಕಾಲು ಗಂಟೆ ನಾನು ಅರ್ಧ ಸೀಟಿನಲ್ಲಿ ಸೊಟ್ಟಗೆ ಕೂತು ಬಂದೆ. ಸೊಂಟ ಹಿಡಿದುಕೊಂಡಿತು. ಅವರಿಗೂ ಮುಜುಗರ ಆಗುತ್ತಿದ್ದದ್ದು ಕಾಣುತ್ತಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ. ಮನಸ್ಸಿನಲ್ಲಿ ಮಾತ್ರ ಚೆನ್ನಾಗಿ ಬೈದುಕೊಂಡೆ. ಈಗ ಇನ್ನೊಂದು ಫಜೀತಿ. ಮುಂದಿನ ತಿಂಗಳು ನಮ್ಮ ಅತ್ತೆಯವರನ್ನು ಕಾಶಿಗೆ ಕರೆದುಕೊಂಡು ಹೋಗಬೇಕು, ನಾವಿಬ್ಬರೇ. ಅವರದ್ದೂ ದಪ್ಪ ಮೈ, ಮಂಡಿನೋವು ಬೇರೆ. ವಿಮಾನ ಹತ್ತುವುದು ಇದೇ ಮೊದಲು. ನಾನು ಬೈದುಕೊಂಡ ಹಾಗೇ ಅವರನ್ನೂ ಯಾರಾದರೂ ಬೈದುಕೊಂಡರೆ? ಇಂಥ ಕಡೆ ನನ್ನ ಹಕ್ಕೇನು, ಅವರ ಹಕ್ಕೇನು? ಹೇಳಬೇಕಾದರೆ ಹೇಗೆ ಹೇಳಬೇಕು?
ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ನೀವು ದುಡ್ಡು ಕೊಟ್ಟಿರುವುದು ಎರಡು ಆರ್ಮ್‌ರೆಸ್ಟ್‌ಗಳ ನಡುವಿನ ಜಾಗಕ್ಕೆ. ಅಷ್ಟೂ ನಿಮ್ಮದೇ. ಪಕ್ಕದವರು ಆರ್ಮ್‌ರೆಸ್ಟ್ ಎತ್ತಬೇಕು ಅಂದರೆ ನಿಮ್ಮನ್ನು ಕೇಳಬೇಕು, ನೀವು ಬೇಡ ಅನ್ನಬಹುದು. ಹಾಗಂತ ಆ ಹೆಂಗಸು ದಪ್ಪ ಇದ್ದದ್ದು ನಿಮಗೆ ಮಾಡಿದ ಅನ್ಯಾಯವೇನೂ ಆಗಲಿಲ್ಲ. ಅವರೂ ನಿಮ್ಮ ಹಾಗೇ ದುಡ್ಡು ಕೊಟ್ಟು, ನಿಮ್ಮಷ್ಟೇ ಅಗಲದ ಸೀಟು ಕೊಂಡವರು. ಯಾವ ಮೈಗಾದರೂ ಒಂದೇ ಅಳತೆ ಅಂತ ಮಾರಿ ಕೈ ತೊಳೆದುಕೊಂಡದ್ದು ಕಂಪನಿ. ಹಾಗಾಗಿ ನಿಮ್ಮ ದೂರು ಹೋಗಬೇಕಿದ್ದದ್ದು ಕ್ಯಾಬಿನ್ ಕ್ರೂ ಹತ್ತಿರ, ಅದೂ ವಿಮಾನ ಹೊರಡುವ ಮುಂಚೆ. ನಾನು ಕ್ರೂ ಆಗಿದ್ದವಳು, ಈಗ ಹೊಸಬರಿಗೆ ತರಬೇತಿ ಕೊಡುತ್ತೇನೆ. ಸೀಟಿನ ತಕರಾರು ಜಗಳಕ್ಕೆ ತಿರುಗಿದ ಕಡೆಯೆಲ್ಲ ನಾನು ಕಂಡದ್ದು ಒಂದೇ: ಹೇಳಬೇಕಾದ ಹೊತ್ತಿನಲ್ಲಿ ಯಾರೂ ಹೇಳಿರುವುದಿಲ್ಲ.

ಸೀಟಿನ ಅಳತೆ ಒಮ್ಮೆ ನೋಡಿ. ಆಮೇಲೆ ಯಾರ ಮೇಲೆ ಸಿಟ್ಟಾಗಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಬೆಂಗಳೂರಿನಿಂದ ದೇಶದೊಳಗೆ ಹಾರುವ ವಿಮಾನಗಳಲ್ಲಿ ಜಾಸ್ತಿ ಇರುವುದು ಏರ್‌ಬಸ್ ಎ320 ಜಾತಿಯವು, ಆಮೇಲೆ ಬೋಯಿಂಗ್ 737. ಎರಡರಲ್ಲೂ ನಡುವೆ ಓಡಾಡುವ ದಾರಿ, ಆ ಕಡೆ ಮೂರು, ಈ ಕಡೆ ಮೂರು ಸೀಟು. ಏರ್‌ಬಸ್‌ನ ಒಳಗಿನ ಅಗಲ ಸುಮಾರು 3.70 ಮೀಟರ್. ಬೋಯಿಂಗ್‌ನದ್ದು ಸುಮಾರು 3.54. ಈ 16 ಸೆಂಟಿಮೀಟರ್ ವ್ಯತ್ಯಾಸವನ್ನು ಆರು ಸೀಟಿಗೆ ಹಂಚಿದರೆ ಸೀಟಿಗೆ ಒಂದು ಇಂಚು. ಅದಕ್ಕೇ ಏರ್‌ಬಸ್‌ನಲ್ಲಿ ಸೀಟು ಹೆಚ್ಚುಕಡಿಮೆ 18 ಇಂಚು, ಬೋಯಿಂಗ್‌ನಲ್ಲಿ 17 ಇಂಚು ಬರುತ್ತದೆ. ಮನೆಯಲ್ಲಿ ಟೇಪ್ ಇದ್ದರೆ ನಿಮ್ಮ ಯಜಮಾನರ ಒಂದು ಭುಜದ ಹೊರ ಅಂಚಿನಿಂದ ಇನ್ನೊಂದರ ತನಕ ಹಿಡಿದು ನೋಡಿ. ದಪ್ಪ ಇಲ್ಲದ ಗಂಡಸರಿಗೂ ಎಷ್ಟೋ ಸಲ 18 ಇಂಚು ದಾಟುತ್ತದೆ. ಸೊಂಟ ಸೀಟಿನೊಳಗೆ ಕೂತರೂ ಭುಜ ಹೊರಗೆ ಬರುತ್ತದೆ. ಗಟ್ಟಿಮುಟ್ಟಾದ ಮೂರು ಗಂಡಾಳುಗಳನ್ನು ಒಂದು ಸಾಲಿನಲ್ಲಿ ಕೂರಿಸಿದರೆ ನಡುವಿನವನು ಭುಜ ಮುದುರಿಕೊಂಡೇ ಕೂರಬೇಕು. ಅಲ್ಲಿ ಯಾರೂ ದಪ್ಪ ಇರಬೇಕಾಗಿಲ್ಲ.

ಮೊದಲು ಹೀಗಿರಲಿಲ್ಲ. ಅಮೆರಿಕದಲ್ಲಿ ಪ್ರಯಾಣಿಕರ ಸಂಘವೊಂದು ಇದಕ್ಕಾಗಿ ಕೋರ್ಟಿಗೇ ಹೋಗಿತ್ತು. ಸೀಟಿನಿಂದ ಮುಂದಿನ ಸೀಟಿನ ದೂರ ಸರಾಸರಿ 35 ಇಂಚು ಇದ್ದದ್ದು 31ಕ್ಕೆ, ಕೆಲವು ಕಡೆ 28ಕ್ಕೆ ಇಳಿದಿದೆ, ಅಗಲವೂ 18 ಚಿಲ್ಲರೆಯಿಂದ 17ಕ್ಕೆ ಬಂದಿದೆ ಅಂತ ಅವರ ವಾದ. 2017ರಲ್ಲಿ ಕೋರ್ಟು ಅಲ್ಲಿನ ವಿಮಾನಯಾನ ಇಲಾಖೆಗೆ ಇದನ್ನು ಸರಿಯಾಗಿ ನೋಡಿ ಅಂತ ಹೇಳಿತು. 2018ರಲ್ಲಿ ಸೀಟಿಗೆ ಕನಿಷ್ಠ ಅಳತೆ ನಿಗದಿ ಮಾಡಿ ಅಂತ ಕಾನೂನೇ ಬಂತು. 2022ರಲ್ಲಿ ಇಲಾಖೆ ಜನರ ಅಭಿಪ್ರಾಯ ಕೇಳಿತು. ಅಷ್ಟರಲ್ಲಿ ವಿಮಾನ ಕಂಪನಿಗಳು ಇನ್ನಷ್ಟು ಸಾಲು ಸೇರಿಸಿ ಆಗಿತ್ತು ಬಿಡಿ. ವಿಮಾನಕ್ಕೆ ಒಪ್ಪಿಗೆ ಕೊಡುವಾಗ ಮುಖ್ಯವಾಗಿ ನೋಡುವುದು ತುರ್ತು ಸಮಯದಲ್ಲಿ ಅರ್ಧ ಬಾಗಿಲುಗಳಿಂದ ಎಲ್ಲರೂ 90 ಸೆಕೆಂಡಿನಲ್ಲಿ ಹೊರಗೆ ಬರಬಹುದಾ ಅಂತ. ನಿಮ್ಮ ಸೊಂಟದ ವಿಷಯ ಆ ಪರೀಕ್ಷೆಯಲ್ಲಿ ಬರುವುದಿಲ್ಲ.

ನಮ್ಮ ಕೆಂಪು ಬಸ್ಸಿನಲ್ಲಿ ಮೂವರ ಸೀಟು ಅಂದರೆ ಒಂದು ಉದ್ದ ಹಲಗೆ. ನಡುವೆ ಗೆರೆ ಇಲ್ಲ. ಒಬ್ಬರು ದಪ್ಪ ಇದ್ದರೆ ಇನ್ನಿಬ್ಬರು ಒತ್ತಿ ಕೂರುತ್ತಾರೆ, ಕೊನೆಯವರು ಒಂದು ಕಾಲು ದಾರಿಗೆ ಚಾಚಿಕೊಂಡು ಕೂರುತ್ತಾರೆ, ಟಿಕೆಟ್ ತಗೊಂಡು ಮುಗಿಯುವಷ್ಟರಲ್ಲಿ ಎಲ್ಲ ಸರಿಹೋಗುತ್ತದೆ. ನಾವು ಇದರಲ್ಲೇ ಬೆಳೆದವರು. ಅದೇ ಅಭ್ಯಾಸದಲ್ಲಿ ವಿಮಾನದಲ್ಲೂ ಆರ್ಮ್‌ರೆಸ್ಟ್ ಎತ್ತಿ ಹಲಗೆ ಮಾಡಿಬಿಡುತ್ತೇವೆ. ನಿಮ್ಮ ಪಕ್ಕದ ಹೆಂಗಸು ಮಾಡಿದ್ದೂ ಅದೇ ಇರಬಹುದು. ಆದರೆ ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಯಾರೋ ಇಳಿಯುತ್ತಾರೆ, ಬೇಕಾದರೆ ಎದ್ದು ನಿಲ್ಲಬಹುದು. ಇಲ್ಲಿ ಬೆಲ್ಟ್ ಕಟ್ಟಿ ಕೂರಿಸುತ್ತಾರೆ.

ನೀವು ಯಾಕೆ ಬಾಯಿ ಬಿಡಲಿಲ್ಲ ಅನ್ನೋದಕ್ಕೂ ಕಾರಣ ಇದೆ, ಅದು ಬರೀ ಸಂಕೋಚ ಅಲ್ಲ. ಎಡ್ವರ್ಡ್ ಹಾಲ್ ಅಂತ ಅಮೆರಿಕದ ಮಾನವಶಾಸ್ತ್ರಜ್ಞರೊಬ್ಬರು 1960ರ ದಶಕದಲ್ಲಿ ಜನ ಒಬ್ಬರಿಂದೊಬ್ಬರು ಎಷ್ಟು ದೂರ ಕಾಯ್ದುಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿದ್ದರು. ಅವರ ಪ್ರಕಾರ ಒಂದೂವರೆ ಅಡಿ ಒಳಗೆ ಬರಲು ಬಿಡುವುದು ತೀರಾ ಹತ್ತಿರದವರನ್ನು ಮಾತ್ರ: ಗಂಡ, ಹೆಂಡತಿ, ಮಕ್ಕಳು. ಒಂದೂವರೆಯಿಂದ ನಾಲ್ಕು ಅಡಿ ಸ್ನೇಹಿತರಿಗೆ. ಅಪರಿಚಿತರು ಅದರ ಆಚೆ. ಒಂದೂವರೆ ಅಡಿ ಅಂದರೆ 18 ಇಂಚು. ವಿಮಾನದ ಸೀಟಿನ ಅಗಲವೂ ಅಷ್ಟೇ! ಅಂದರೆ ಯಾರು ಎಷ್ಟೇ ತೆಳ್ಳಗಿದ್ದರೂ ಪಕ್ಕದ ಅಪರಿಚಿತರು ಆ ಗೆರೆಯೊಳಗೇ ಇರುತ್ತಾರೆ. ಈ ಅಂತರ ಊರಿಂದ ಊರಿಗೆ ಬೇರೆ ಅಂತ ಹಾಲ್ ಅವರೇ ಹೇಳಿದ್ದಾರೆ. ನಮ್ಮಲ್ಲಿ ಇಬ್ಬರು ಹೆಂಗಸರು ಭುಜ ತಾಗಿಸಿ ಕೂತರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಪಕ್ಕದಲ್ಲಿ ಪರಗಂಡಸಾದರೆ ಮೈ ಬಿಗಿಯಾಗುತ್ತದೆ. ಇಷ್ಟು ಹತ್ತಿರ ಇರಬೇಕಾಗಿ ಬಂದಾಗ ಜನ ಏನು ಮಾಡುತ್ತಾರೆ ಗೊತ್ತಾ? ಕಣ್ಣು ತಪ್ಪಿಸುತ್ತಾರೆ, ಮೊಬೈಲ್ ನೋಡುತ್ತಾರೆ, ಪಕ್ಕದವರು ಇಲ್ಲವೇ ಇಲ್ಲ ಅನ್ನುವ ಹಾಗೆ ಇರುತ್ತಾರೆ. ಹಾಗೆ ಸುಮ್ನೆ ಇದ್ದುಬಿಟ್ಟ ಮೇಲೆ ಅರ್ಧ ಗಂಟೆ ಬಿಟ್ಟು ಮಾತು ತೆಗೆಯುವುದು ಕಷ್ಟ. ಅದಕ್ಕೇ ಕೂತ ಮೊದಲ ನಿಮಿಷದಲ್ಲೇ ಒಂದು ನಮಸ್ಕಾರ, ಒಂದು 'ಬೆಂಗಳೂರಾ?' ಅಂತ ಕೇಳಿಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಮೇಲೆ ಆರ್ಮ್‌ರೆಸ್ಟ್ ಮಾತು ಸಲೀಸಾಗಿ ಬರುತ್ತದೆ.

ಈಗ ಆ ದಿನಕ್ಕೆ ವಾಪಸ್ ಹೋಗೋಣ. ಅವರು ಆರ್ಮ್‌ರೆಸ್ಟ್ ಎತ್ತಿದರು. ಆಗಲೇ ನೀವು ನಗುತ್ತಲೇ 'ಮೇಡಂ, ಇದನ್ನ ಇಳಿಸ್ಕೊಳ್ಳಲಾ? ನನಗೆ ಸೊಂಟ ನೋವು, ಒಂದು ಕಡೆ ಆಸರೆ ಬೇಕು' ಅನ್ನಬಹುದಿತ್ತು. ಸೊಂಟ ನೋವು ಇಲ್ಲದಿದ್ದರೂ ಪರವಾಗಿಲ್ಲ, ಇಷ್ಟು ಸಣ್ಣ ಸುಳ್ಳಿಗೆ ನನ್ನ ಅಭ್ಯಂತರ ಇಲ್ಲ. ನಿಮ್ಮ ಮೈಯ ಕಷ್ಟ ಹೇಳಿಕೊಳ್ಳಿ, ಅವರ ಮೈಯ ಸುದ್ದಿ ಎತ್ತಬೇಡಿ. ಅಷ್ಟಕ್ಕೇ ಅವರು ಸರಿದು ಕೂತರೆ ಸರಿ. ಆರ್ಮ್‌ರೆಸ್ಟ್ ಇಳಿಯುವುದಕ್ಕೆ ಜಾಗವೇ ಇಲ್ಲ ಅಂತ ಕಂಡರೆ ಒತ್ತಿ ಇಳಿಸಲು ಹೋಗಬೇಡಿ. ಅವರಿಗೆ ನೋವಾಗುತ್ತದೆ, ಜೊತೆಗೆ ಅವಮಾನ. ಅಲ್ಲಿಗೆ ಅವರ ಜೊತೆ ನಿಮ್ಮ ಮಾತು ಮುಗಿಯಿತು.

ಮುಂದಿನದ್ದು ಕ್ರೂ ಕೆಲಸ. ಜನ ಹತ್ತುತ್ತಿರುವಾಗ ದಾರಿಯಲ್ಲಿ ನಿಂತು ಹೇಳಲು ಹೋಗಬೇಡಿ. ಹಿಂದೆ ಇಪ್ಪತ್ತು ಜನ ಟ್ರಾಲಿ ಬ್ಯಾಗ್ ಹಿಡಿದು ನಿಂತಿರುತ್ತಾರೆ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಕೂತುಕೊಂಡು ಸಾಲು ಸರಿಯುವ ತನಕ ಕಾಯಿರಿ. ದಾರಿ ತೆರವಾದ ತಕ್ಷಣ ಎದ್ದು ಹಿಂದಿನ ಗ್ಯಾಲಿಗೋ (ಕ್ರೂ ತಿಂಡಿ ಸಿದ್ಧ ಮಾಡುವ ಜಾಗ) ಮುಂದಿನ ಗ್ಯಾಲಿಗೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ ಮೆಲ್ಲಗೆ ಹೇಳಿ: 'ನಾನು 14 ಬಿ. ನನ್ನ ಸೀಟಲ್ಲಿ ಪೂರ್ತಿ ಕೂರೋಕೆ ಆಗ್ತಿಲ್ಲ. ಬೇರೆ ಕಡೆ ಖಾಲಿ ಇದ್ರೆ ನೋಡ್ತೀರಾ?' ಕನ್ನಡ ಬಾರದ ಕ್ರೂ ಆದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದೇ ಮಾತು. ಇದರಲ್ಲಿ ಪಕ್ಕದವರ ಸುದ್ದಿಯೇ ಇಲ್ಲ, ನೋಡಿ. ಕ್ರೂ ಒಂದು ಸಲ 14ನೇ ಸಾಲಿನ ಪಕ್ಕ ನಡೆದು ಹೋದರೆ ಸಾಕು, ಅರ್ಥ ಆಗುತ್ತದೆ. 'ನನ್ನ ಪಕ್ಕ ಕೂತಿರೋರು ಎಷ್ಟು ದಪ್ಪ ಇದ್ದಾರೆ ನೋಡಿ' ಅಂತ ಶುರು ಮಾಡಿದರೆ ಕ್ರೂ ಮೊದಲು ಅವರ ಮರ್ಯಾದೆ ಕಾಪಾಡಲು ನಿಲ್ಲುತ್ತಾರೆ, ನಿಮ್ಮ ಸೀಟು ಆಮೇಲೆ.

ಕ್ರೂಗೆ ಯಾವ ಸೀಟು ಖಾಲಿ ಅಂತ ಖಚಿತವಾಗಿ ಗೊತ್ತಾಗುವುದು ಹತ್ತುವುದು ಮುಗಿದ ಮೇಲೆ. ಅಲ್ಲಿಂದ ವಿಮಾನ ಕದಲುವ ತನಕ ಕೆಲವೇ ನಿಮಿಷ. ಆ ಹೊತ್ತಿಗೆ ನಿಮ್ಮ ಮಾತು ಅವರ ಕಿವಿಗೆ ಬಿದ್ದಿರಬೇಕು. ವಿಮಾನ ಹೊರಟ ಮೇಲೆ ಎದ್ದೇಳುವ ಹಾಗಿಲ್ಲ. ಹಾರಿದ ಮೇಲೆ ಬೆಲ್ಟ್ ದೀಪ ಆರುವ ತನಕ ಕಾಯಬೇಕು. ದೀಪ ಆರಿತು ಅನ್ನುವಷ್ಟರಲ್ಲಿ ತಿಂಡಿ ಗಾಡಿ ದಾರಿಗೆ ಅಡ್ಡ ಬಂದಿರುತ್ತದೆ. ಇಷ್ಟೆಲ್ಲ ಆಗುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಇನ್ನೊಂದು ವಿಷಯ: ಕ್ರೂ ಹೆಚ್ಚಾಗಿ ನಿಮ್ಮನ್ನೇ ಎಬ್ಬಿಸುತ್ತಾರೆ, ದಪ್ಪ ಇರುವವರನ್ನಲ್ಲ. 'ತಪ್ಪು ಅವರದ್ದು, ನಾನ್ಯಾಕೆ ಏಳಲಿ' ಅಂತ ಹಠ ಹಿಡಿಯುವವರಿದ್ದಾರೆ. ಎದ್ದು ಹೋಗಿ ಆರಾಮಾಗಿ ಕೂರುವುದನ್ನು ಬಿಟ್ಟು ಪ್ರತಿಷ್ಠೆ ಯಾಕೆ? ಸೀಟಿಗೆ ಬೇರೆ ದುಡ್ಡು ಕೊಟ್ಟಿದ್ದರೆ, ಸಿಕ್ಕಿದ ಸೀಟು ಅದಕ್ಕಿಂತ ಕಡಿಮೆ ದರ್ಜೆಯದಾದರೆ, ಆ ದುಡ್ಡು ವಾಪಸ್ ಕೊಡಿ ಅಂತ ಕಂಪನಿಗೆ ಆಮೇಲೆ ಬರೆಯಿರಿ. ಖಾಲಿ ಸೀಟು ಕಂಡಿತು ಅಂತ ನೀವಾಗಿಯೇ ಹೋಗಿ ಕೂರಬೇಡಿ. ಹುಬ್ಬಳ್ಳಿ, ಶಿವಮೊಗ್ಗದ ಕಡೆ ಹೋಗುವ ಎಟಿಆರ್ ತರಹದ ಚಿಕ್ಕ ವಿಮಾನದಲ್ಲಂತೂ ಯಾವ ಕಡೆ ಎಷ್ಟು ತೂಕ ಅನ್ನುವ ಲೆಕ್ಕ ಇರುತ್ತದೆ. ಕ್ರೂ ಕೇಳದೆ ಜಾಗ ಬದಲಿಸಿದರೆ ವಾಪಸ್ ಕಳಿಸುತ್ತಾರೆ.

ವಿಮಾನ ತುಂಬಿದ್ದರೆ? ಬೆಂಗಳೂರು ದೆಹಲಿ ಸಂಜೆ ವಿಮಾನ ಅಂದರೆ ತುಂಬಿಯೇ ಇರುತ್ತದೆ. ಆಗಲೂ ಕ್ರೂಗೆ ಹೇಳಿ. ಮೂರೂ ಜನರ ಜಾಗ ಅದಲುಬದಲು ಮಾಡಿದರೆ ಎಷ್ಟೋ ಸಲ ಸುಧಾರಿಸುತ್ತದೆ. ಮಗು ಜೊತೆ ಬಂದವರನ್ನು, ತೆಳ್ಳಗಿನ ಹುಡುಗರನ್ನು ಕೇಳಿಕೊಂಡು ಬದಲಿ ಮಾಡಿಸುವ ಚಾಕಚಕ್ಯತೆ ಒಳ್ಳೆಯ ಕ್ರೂಗೆ ಇರುತ್ತದೆ. ಏನೂ ಆಗದಿದ್ದರೆ ಬೆಲ್ಟ್ ದೀಪ ಆರಿದಾಗೆಲ್ಲ ಎದ್ದು ಹಿಂದೆ ಹೋಗಿ ಐದು ನಿಮಿಷ ನಿಲ್ಲಿ. ಆರ್ಮ್‌ರೆಸ್ಟ್ ಮೇಲೆ ಒಬ್ಬರು ಮೊಣಕೈಯನ್ನು ಹಿಂದಕ್ಕೆ, ಇನ್ನೊಬ್ಬರು ಮುಂದಕ್ಕೆ ಇಟ್ಟರೆ ಇಬ್ಬರದ್ದೂ ಹಿಡಿಯುತ್ತದೆ. ಅಂದ ಹಾಗೆ, ನಡುವಿನ ಸೀಟಿನವರಿಗೆ ಎರಡೂ ಆರ್ಮ್‌ರೆಸ್ಟ್ ಅನ್ನುವುದು ನಿಯಮ ಅಲ್ಲ, ಮರ್ಯಾದೆ. ಲೆಕ್ಕ ಮಾತ್ರ ಸರಿಯಾಗಿದೆ. ಮೂರು ಸೀಟಿಗೆ ಆರ್ಮ್‌ರೆಸ್ಟ್ ನಾಲ್ಕು, ಮೊಣಕೈ ಆರು. ಕಿಟಕಿಯವರಿಗೆ ಒರಗಲು ಗೋಡೆ ಇದೆ, ದಾರಿ ಪಕ್ಕದವರಿಗೆ ಕಾಲು ಚಾಚಲು ದಾರಿ ಇದೆ. ನಡುವಿನವರಿಗೆ ಏನಿದೆ ಹೇಳಿ?

ಇನ್ನು ಒಂದು ಭೇದ ತಿಳಿದುಕೊಳ್ಳಬೇಕು. ಮೈ ದಪ್ಪ ಇರುವುದು ಬೇರೆ, ಮೈ ಹರವಿಕೊಂಡು ಕೂರುವುದು ಬೇರೆ. ದಪ್ಪ ಇರುವವರು ಬಹಳ ಸಲ ತಾವೇ ಕೈ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಎಷ್ಟು ಆಗುತ್ತದೋ ಅಷ್ಟು ಚಿಕ್ಕದಾಗಿ ಕೂತಿರುತ್ತಾರೆ. ನೀರು ಕೂಡ ಕುಡಿಯುವುದಿಲ್ಲ, ಟಾಯ್ಲೆಟ್‌ಗೆ ಏಳಬೇಕಾಗುತ್ತದಲ್ಲ ಅಂತ. ಕಾಟ ಕೊಡುವವರು ಇನ್ನೊಂದು ಜಾತಿ: ತೆಳ್ಳಗೇ ಇರುತ್ತಾರೆ, ಮಂಡಿ ಎರಡು ದಿಕ್ಕಿಗೆ, ಲ್ಯಾಪ್‌ಟಾಪ್ ತೆರೆದು ಮೊಣಕೈ ನಿಮ್ಮ ಪಕ್ಕೆಲುಬಿಗೆ. ನನ್ನ ಅನುಭವದಲ್ಲಿ ಅವರ ಮೇಲಿನ ದೂರೇ ಜಾಸ್ತಿ. ಅವರಿಗೆ ಸಂಕೋಚ ಇಲ್ಲದೆ ಹೇಳಿ, 'ಸರ್, ಕಾಲು ಸ್ವಲ್ಪ ಆ ಕಡೆ' ಅಂತ. ಅವರು ಸರಿಸಿಕೊಳ್ಳಬಹುದು, ಸರಿಸಲಿ.

ಮೂರನೆಯದು ಇದ್ಯಾವುದೂ ಅಲ್ಲ. ಜಾಗ ಇದ್ದರೂ ಕೈ, ಕಾಲು ಬೇಕೆಂದೇ ತಾಗುತ್ತಿದೆ ಅನಿಸಿದರೆ ಅಲ್ಲಿ ವಿನಯ, ಕಾಯುವುದು ಏನೂ ಬೇಡ. ತಕ್ಷಣ ಕರೆಗಂಟೆ ಒತ್ತಿ, ದನಿ ಎತ್ತರಿಸಿ ಹೇಳಿ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ದುರ್ವರ್ತನೆಗೆ ಮೂರು ಹಂತ ಇದೆ. ಮಾತಿನ ಗಲಾಟೆಗೆ 3 ತಿಂಗಳ ತನಕ ವಿಮಾನ ಹತ್ತದಂತೆ ನಿಷೇಧ. ಕೈ ಮಾಡುವುದು, ಅಸಭ್ಯವಾಗಿ ಮುಟ್ಟುವುದು ಎರಡನೇ ಹಂತ, 6 ತಿಂಗಳ ತನಕ. ಜೀವಕ್ಕೆ ಅಪಾಯ ತರುವಂಥದ್ದಕ್ಕೆ ಕನಿಷ್ಠ 2 ವರ್ಷ. ಸೀಟಿನ ವಿಷಯಕ್ಕೆ ಪಕ್ಕದವರನ್ನು ಬಾಯಿಗೆ ಬಂದ ಹಾಗೆ ಬೈದರೆ ಮೊದಲನೇ ಹಂತ ನಿಮಗೇ ತಗಲಿಕೊಳ್ಳಬಹುದು, ಅದೂ ಗೊತ್ತಿರಲಿ. ಪಕ್ಕದವರ ಫೋಟೋ ತೆಗೆದು ಗ್ರೂಪಿಗೆ ಹಾಕುವವರ ಬಗ್ಗೆ ನಾನು ಏನು ಹೇಳಲಿ. ಮಾಡಬೇಡಿ.

ಈಗ ನಿಮ್ಮ ಅತ್ತೆಯವರ ವಿಷಯ. ಇದು ಸುಲಭ, ಯಾಕೆಂದರೆ ನಿಮಗೆ ಮೊದಲೇ ಗೊತ್ತಿದೆ. ಟಿಕೆಟ್ ಮಾಡುವಾಗಲೇ ಸ್ವಲ್ಪ ದುಡ್ಡು ಹೆಚ್ಚಾದರೂ ಸೀಟು ಆರಿಸಿಕೊಳ್ಳಿ. ಅತ್ತೆಯವರಿಗೆ ದಾರಿ ಪಕ್ಕದ್ದು, ನಿಮಗೆ ನಡುವಿನದ್ದು. ನಿಮ್ಮಿಬ್ಬರ ನಡುವಿನ ಆರ್ಮ್‌ರೆಸ್ಟ್ ಎತ್ತಿಕೊಂಡರೆ ಅವರ ಮೈ ಹೆಚ್ಚಾದದ್ದು ನಿಮ್ಮ ಕಡೆಗೆ ಬರುತ್ತದೆ, ಕಿಟಕಿಯವರಿಗೆ ಏನೂ ತೊಂದರೆ ಇಲ್ಲ, ಬೈದುಕೊಳ್ಳಲು ಯಾರೂ ಇರುವುದಿಲ್ಲ. ಎರಡೂವರೆ ಗಂಟೆ ಅತ್ತೆ ಸೊಸೆ ಅಂಟಿಕೊಂಡು ಕೂರುವುದು ನಿಮ್ಮ ಮನೆಯ ವಿಷಯ, ಅದಕ್ಕೆ ನಾನು ಉತ್ತರ ಕೊಡಲ್ಲ! ಒಬ್ಬರೇ ಹೋಗುವ ದಪ್ಪ ಮೈಯವರಿಗಾದರೆ ನಾನು ಕಿಟಕಿ ಸೀಟು ಹೇಳುತ್ತಿದ್ದೆ. ಅಲ್ಲಿ ಪಕ್ಕದವರು ಒಬ್ಬರೇ, ಗೋಡೆಗೆ ಒರಗಬಹುದು, ತಿಂಡಿ ಗಾಡಿ ಭುಜಕ್ಕೆ ಬಡಿಯುವುದಿಲ್ಲ. ಆದರೆ ಮಂಡಿನೋವು ಇರುವವರು ಎರಡು ಸೀಟು ದಾಟಿ ಒಳಗೆ ನುಸುಳುವುದು ಕಷ್ಟ.

ಕೂರುವುದಕ್ಕೂ ಒಂದು ರೀತಿ ಇದೆ. ದಾರಿ ಪಕ್ಕದ ಆರ್ಮ್‌ರೆಸ್ಟ್ ಎತ್ತಲು ಬರುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಸಾಲುಗಳಲ್ಲಿ ಬರುತ್ತದೆ. ಆರ್ಮ್‌ರೆಸ್ಟ್ ಸೀಟಿನ ಬೆನ್ನಿಗೆ ಸೇರುವ ಕಡೆ, ಕೀಲಿನ ಹತ್ತಿರ, ಕೆಳಗೆ ಬೆರಳಿಟ್ಟು ತಡವಿದರೆ ಚಿಕ್ಕ ಗುಂಡಿಯೋ ಪಟ್ಟಿಯೋ ಸಿಗುತ್ತದೆ. ಅದನ್ನು ಒತ್ತಿ ಎತ್ತಬೇಕು. ಸಿಗದಿದ್ದರೆ ಕ್ರೂಗೆ ಹೇಳಿ, ಅವರು ಎತ್ತಿಕೊಡುತ್ತಾರೆ. ಅತ್ತೆಯವರು ಸೀಟಿಗೆ ಬೆನ್ನು ಮಾಡಿ ನಿಂತು, ಮೊದಲು ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಳ್ಳಲಿ. ಮಂಡಿ ಮಡಚಿ ಒಳಗೆ ತೂರುವ ಕಷ್ಟ ಇರುವುದಿಲ್ಲ. ಕೂತ ಮೇಲೆ ಆರ್ಮ್‌ರೆಸ್ಟ್ ಇಳಿಸಿಬಿಡಿ. ಹಾರುವಾಗ, ಇಳಿಯುವಾಗ ಎಲ್ಲ ಆರ್ಮ್‌ರೆಸ್ಟ್ ಕೆಳಗಿರಲಿ ಅಂತ ಕ್ರೂ ಸಾಮಾನ್ಯವಾಗಿ ಹೇಳುತ್ತಾರೆ, ನಿಮ್ಮಿಬ್ಬರ ನಡುವಿನದ್ದೂ ಸೇರಿ. ಆ ಹದಿನೈದು ಇಪ್ಪತ್ತು ನಿಮಿಷ ಸುಧಾರಿಸಿಕೊಳ್ಳಬೇಕು.

ಮೊದಲನೇ ಸಾಲು, ತುರ್ತು ಬಾಗಿಲ ಸಾಲು ಎರಡೂ ಬೇಡ. ಕಾಲಿಗೆ ಜಾಗ ಜಾಸ್ತಿ ಅಂತ ಹೆಚ್ಚು ದುಡ್ಡು ತಗೊಂಡು ಮಾರುತ್ತಾರೆ, ನಿಜ. ಆದರೆ ಮೊದಲ ಸಾಲಿನಲ್ಲಿ ಊಟದ ಟ್ರೇ ಆರ್ಮ್‌ರೆಸ್ಟ್ ಒಳಗೇ ಮಡಚಿ ಇಟ್ಟಿರುತ್ತಾರೆ. ಅದಕ್ಕೇ ಅದು ಗಟ್ಟಿ, ಎತ್ತಲು ಬರುವುದಿಲ್ಲ, ಅಗಲವೂ ಒಂದು ಚೂರು ಕಡಿಮೆ. ತುರ್ತು ಬಾಗಿಲ ಸಾಲಿನಲ್ಲಿ ವಯಸ್ಸಾದವರನ್ನು, ಓಡಾಡಲು ಕಷ್ಟ ಇರುವವರನ್ನು ಕೂರಿಸುವುದೇ ಇಲ್ಲ.

ಬೆಲ್ಟ್ ಬಗ್ಗೆ ಅತ್ತೆಯವರಿಗೆ ಮೊದಲೇ ಹೇಳಿಡಿ. ಕೆಲವರಿಗೆ ಬೆಲ್ಟ್ ಸಾಲುವುದಿಲ್ಲ. ಆಗ ನಾಚಿಕೊಂಡು ಸೆರಗು ಮುಚ್ಚಿ, ಹಾಕಿದ ಹಾಗೆ ಕೂತುಬಿಡುತ್ತಾರೆ. ಇದು ಅಪಾಯ. ವಿಮಾನದಲ್ಲಿ ಸಾಮಾನ್ಯವಾಗಿ ಎಕ್ಸ್‌ಟೆನ್ಶನ್ ಬೆಲ್ಟ್ ಇರುತ್ತದೆ, ಅದಕ್ಕೆ ದುಡ್ಡಿಲ್ಲ. ನೀವು ಬಾಗಿಲಲ್ಲಿ ಹತ್ತುವಾಗಲೇ ಕ್ರೂ ಕಿವಿಯಲ್ಲಿ 'ಎಕ್ಸ್‌ಟೆನ್ಶನ್ ಬೆಲ್ಟ್ ಬೇಕು, 9 ಸಿ' ಅಂದರೆ ಮಡಚಿ ತಂದು ಕೈಗೆ ಕೊಟ್ಟು ಹೋಗುತ್ತಾರೆ. ಬೆಲ್ಟ್ ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ, ತೊಡೆ ಸೇರುವ ಕಡೆ ಬರಬೇಕು. ಸೀರೆ ಉಟ್ಟಿದ್ದರೆ ಸೆರಗು ಬೆಲ್ಟಿನ ಮೇಲೆ ಬರದ ಹಾಗೆ ನೋಡಿ, ಬಕಲ್ ಕಾಣುತ್ತಿರಲಿ. ವಿಮಾನದ ಟಾಯ್ಲೆಟ್ ಬಹಳ ಚಿಕ್ಕದು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಗೇಟ್ ಹತ್ತಿರ ಒಮ್ಮೆ ಹೋಗಿ ಬಂದುಬಿಡುವುದು ಒಳ್ಳೆಯದು.

ಎರಡು ಸೀಟು ಕೊಳ್ಳಬೇಕಾ ಅಂತ ಕೇಳುತ್ತೀರಿ ಅಂತ ಗೊತ್ತು. ನೀವು ಜೊತೆಗಿರುವುದರಿಂದ ಬೇಡ. ಒಬ್ಬರೇ ಓಡಾಡುವ ದಪ್ಪ ಮೈಯವರು, ಆರ್ಮ್‌ರೆಸ್ಟ್ ಇಳಿಸಿದರೆ ಕೂರಲು ಆಗುವುದೇ ಇಲ್ಲ ಅನ್ನುವವರು, ಕೈಲಾದರೆ ಕೊಂಡುಕೊಳ್ಳಲಿ. ಒಬ್ಬರ ಹೆಸರಿಗೆ ಎಕ್ಸ್‌ಟ್ರಾ ಸೀಟು ಕೊಡುವ ವ್ಯವಸ್ಥೆ ಇದೆ, ವೀಣೆಯಂಥ ದೊಡ್ಡ ವಾದ್ಯಕ್ಕೂ ಹೀಗೇ ಸೀಟು ಕೊಳ್ಳಬಹುದು. ಕೊರೊನಾ ಕಾಲದಲ್ಲಿ, 2020ರಲ್ಲಿ, ಇಂಡಿಗೋ ಒಬ್ಬರಿಗೆ ಎರಡು ಸೀಟು ಅಂತ ಯೋಜನೆಯನ್ನೇ ತಂದಿತ್ತು. ಆದರೆ ದಪ್ಪ ಇದ್ದವರು ಎರಡು ಟಿಕೆಟ್ ತಗೊಳ್ಳಲೇಬೇಕು ಅನ್ನುವ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಸೀಟು ಕಿರಿದು ಮಾಡಿದ್ದು ಒಬ್ಬರು, ದಂಡ ಕಟ್ಟುವುದು ಇನ್ನೊಬ್ಬರು! ಕೆನಡಾದಲ್ಲಿ ಇದು 2008ರಲ್ಲೇ ತೀರ್ಮಾನ ಆಯಿತು. ಅಂಗವೈಕಲ್ಯದಿಂದಲೋ, ಅಂಗವೈಕಲ್ಯ ಅನ್ನುವ ಮಟ್ಟದ ಬೊಜ್ಜಿನಿಂದಲೋ ಇನ್ನೊಂದು ಸೀಟು ಬೇಕೇ ಬೇಕು ಅನ್ನುವವರಿಂದ ದೇಶದೊಳಗಿನ ಪ್ರಯಾಣಕ್ಕೆ ಎರಡನೇ ಟಿಕೆಟ್ ದುಡ್ಡು ತಗೊಳ್ಳಬೇಡಿ ಅಂತ ಅಲ್ಲಿನ ಸಾರಿಗೆ ಪ್ರಾಧಿಕಾರ ದೊಡ್ಡ ಕಂಪನಿಗಳಿಗೆ ಹೇಳಿತು. ಕಂಪನಿಗಳು ಸುಪ್ರೀಂ ಕೋರ್ಟ್ ತನಕ ಹೋದವು, ಕೋರ್ಟು ಕೇಳಲಿಲ್ಲ. ಇದಕ್ಕೆ ಉಲ್ಟಾ ಸಮೋವಾ ಏರ್ ಅನ್ನುವ ಪುಟ್ಟ ಕಂಪನಿ 2013ರಲ್ಲಿ ಪ್ರಯಾಣಿಕರನ್ನು ತೂಗಿ, ಕಿಲೋ ಲೆಕ್ಕದಲ್ಲಿ ಟಿಕೆಟ್ ಮಾರಿತು. ಚಿಕ್ಕ ವಿಮಾನ, ತೂಕ ಮುಖ್ಯ ಅನ್ನುವುದು ಸರಿ. ಆದರೆ ನಿಮ್ಮ ಸೊಂಟ ಹಿಡಿದದ್ದು ಪಕ್ಕದವರ ತೂಕದಿಂದ ಅಲ್ಲ, ಸೀಟಿನ ಅಗಲ ಸಾಲದೆ. ತೂಗಿ ದುಡ್ಡು ತಗೊಂಡರೆ ಸೀಟು ಅಗಲ ಆಗುತ್ತದಾ?

ಹೋದ ತಿಂಗಳ ಪ್ರಯಾಣಕ್ಕೆ ಈಗ ಪರಿಹಾರ ಸಿಗುತ್ತದಾ ಅಂದರೆ, ನನಗೆ ಆಸೆ ಕಡಿಮೆ. ಆ ಹೊತ್ತಿನಲ್ಲಿ ಕ್ರೂಗೆ ಹೇಳಿರಲಿಲ್ಲವಲ್ಲ, ಕಂಪನಿ ಮೊದಲು ಕೇಳುವುದೇ ಅದನ್ನು. ಮುಂದೆ ಯಾವತ್ತಾದರೂ ಹೇಳಿಯೂ ಪ್ರಯೋಜನ ಆಗದಿದ್ದರೆ ವಿಮಾನದ ನಂಬರು, ಸೀಟು, ಯಾರಿಗೆ ಯಾವಾಗ ಹೇಳಿದಿರಿ ಅನ್ನುವುದನ್ನು ಅವತ್ತೇ ಬರೆದು ಕಂಪನಿಗೆ ಕಳಿಸಿ. ಉತ್ತರ ಬರದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಕಾಶಿ ಟಿಕೆಟ್ ಇನ್ನೂ ಮಾಡಿಲ್ಲ ಅಂದರೆ ವಾಪಸ್ ಬರುವ ವಿಮಾನಕ್ಕೂ ಅದೇ ರೀತಿ ಸೀಟು ಈಗಲೇ ಆರಿಸಿಬಿಡಿ. ಜನ ಹೋಗುವಾಗಿನದ್ದು ನೋಡಿ ಬರುವಾಗಿನದ್ದು ಮರೆಯುತ್ತಾರೆ, ಆಮೇಲೆ ಅತ್ತೆ ಒಂದು ಸಾಲು, ಸೊಸೆ ಇನ್ನೊಂದು ಸಾಲು. ಮಂಡಿನೋವಿಗೆ ಗಾಲಿಕುರ್ಚಿ ಬೇಕು ಅಂತ ಎರಡೂ ಕಡೆಗೆ ಮೊದಲೇ ತಿಳಿಸಿ. ಗಾಲಿಕುರ್ಚಿಯವರನ್ನು ಸಾಮಾನ್ಯವಾಗಿ ಮೊದಲು ಹತ್ತಿಸುತ್ತಾರೆ, ಹಿಂದೆ ಜನ ನೂಕುವುದಿಲ್ಲ, ನಿಧಾನವಾಗಿ ಕೂರಬಹುದು. ಬರುವಾಗ ಗಂಗಾಜಲದ ತಂಬಿಗೆ, ಪ್ರಸಾದದ ಚೀಲ ಎಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಕಾಲ ಹತ್ತಿರ ಇಟ್ಟುಕೊಂಡರೆ ಇರುವ ಜಾಗವೂ ಹೋಗುತ್ತದೆ.